ಮಂಗಳೂರಿಗೆ ಬೇಕಾದ ಗಮ್ಮತ್ತಿನ ಅಕ್ಷರ

ಹಂಪನಕಟ್ಟೆ, ರಥಬೀದಿ, ಕಂಕನಾಡಿಯ ಡಿಟಿಪಿ ಅಂಗಡಿಗಳಲ್ಲಿ ಗಿರಾಕಿಗಳು ಹೇಳುವ ಒಂದು ಮಾತು ತೀರಾ ಸಾಮಾನ್ಯ: "ಅಕ್ಷರ ಸ್ವಲ್ಪ ಗಮ್ಮತ್ತಿನದ್ದು ಹಾಕಿ." ಶಾಲೆಯ ವಾರ್ಷಿಕೋತ್ಸವ, ಮೊಸರುಕುಡಿಕೆ, ಹುಲಿವೇಷದ ತಂಡದ ಟೀಶರ್ಟು, ತುಳು ನಾಟಕದ ಪೋಸ್ಟರು, ಐಸ್‌ಕ್ರೀಂ ಪಾರ್ಲರಿನ ಮೆನು, ಮಗುವಿನ ಮೊದಲ ಹುಟ್ಟುಹಬ್ಬದ ಬ್ಯಾನರು. ಇವಕ್ಕೆಲ್ಲ ಪತ್ರಿಕೆಯ ಸುದ್ದಿಗೆ ಬಳಸುವ ಅಕ್ಷರ ಸಾಲದು. ರಸ್ತೆಯ ಆಚೆಬದಿಯಿಂದ ಕಾಣಬೇಕು, ಕಂಡ ಕೂಡಲೇ ಮುಖ ಅರಳಬೇಕು. ಪುಟಗಟ್ಟಲೆ ಓದಿಸದೆ, ಒಂದೆರಡು ಪದಗಳನ್ನು ದೊಡ್ಡದಾಗಿ, ಒಂದು ಭಾವದೊಂದಿಗೆ ಹೇಳುವ ಇಂಥ ಅಕ್ಷರಗಳನ್ನು ಅಚ್ಚಿನವರು ಡಿಸ್‌ಪ್ಲೇ ಫಾಂಟ್ ಅನ್ನುತ್ತಾರೆ.

ಈ ಬೇಡಿಕೆಯನ್ನು ಹಗುರವಾಗಿ ಕಾಣುವವರೇ ಹೆಚ್ಚು. ಶಬ್ದಕೋಶ, ಪಠ್ಯಪುಸ್ತಕ, ಸರಕಾರಿ ಆದೇಶಗಳ ಅಕ್ಷರದ ಬಗ್ಗೆ ಸಭೆಗಳಾಗುತ್ತವೆ, ಸಮಿತಿಗಳು ಕೂರುತ್ತವೆ. ಬ್ಯಾನರಿನ ಅಕ್ಷರದ ಬಗ್ಗೆ ಯಾರೂ ಕೂರುವುದಿಲ್ಲ. ಆದರೆ ಒಂದು ಮಗು ಶಾಲೆಗೆ ಸೇರುವ ಮೊದಲು ಕಣ್ತುಂಬ ನೋಡುವ ಕನ್ನಡ ಯಾವುದು? ಅಂಗಡಿಯ ಬೋರ್ಡಿನದು, ಬಸ್ಸಿನ ಹಣೆಯದು, ಬಿಸ್ಕತ್ತಿನ ಪೊಟ್ಟಣದ್ದು. ಅಕ್ಷರದ ಮೇಲಿನ ಪ್ರೀತಿ ಅಲ್ಲಿ ಹುಟ್ಟುತ್ತದೆ. ಅದಕ್ಕೇ ನಲಿಯುವ ಅಕ್ಷರವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಅನ್ನುವವನು ನಾನು. ಆ ನಲಿವು ಕನ್ನಡ ಲಿಪಿಯ ಒಳಗಿಂದಲೇ, ಅದರ ತಲೆಕಟ್ಟು, ಕೊಂಬು, ಒತ್ತುಗಳಿಂದಲೇ ಬರಬೇಕು. ಕನ್ನಡ, ತುಳು, ಕೊಂಕಣಿ, ಬ್ಯಾರಿ ನಾಲ್ಕನ್ನೂ ಒಂದೇ ಲಿಪಿಯಲ್ಲಿ ಬರೆಯುವ ಮಂಗಳೂರಿಗಿಂತ ಕಠಿಣವಾದ ಪರೀಕ್ಷೆ ಅದಕ್ಕೆ ಬೇರೆ ಕಡೆ ಸಿಗಲಾರದು.

ಸದ್ಯಕ್ಕೆ ಈ ಊರಿನಲ್ಲಿ ಗಮ್ಮತ್ತಿನ ಅಕ್ಷರ ಅಂದರೆ ಬಹಳ ಕಡೆ ಕಣ್ಣಿಗೆ ಬೀಳುವುದು ಬಾಲೂ ತಮ್ಮ. ಮುಂಬಯಿಯ ಏಕ್ ಟೈಪ್ ಎಂಬ ವಿನ್ಯಾಸಕರ ಬಳಗ ರೂಪಿಸಿದ ಬಾಲೂ ಎಂಬ ಅಕ್ಷರ ಕುಟುಂಬದ ಕನ್ನಡ ಸದಸ್ಯ ಇದು. ಕಿಪ್ಲಿಂಗನ ಕಾಡಿನ ಕಥೆಯ ಕರಡಿಯ ಹೆಸರು ಕುಟುಂಬಕ್ಕೆ. ಒಂದೊಂದು ಲಿಪಿಗೂ ಆಯಾ ಭಾಷೆಯವರು ಆಪ್ತವಾಗಿ ಕರೆಯುವ ಹೆಸರು: ಮಲಯಾಳಕ್ಕೆ ಚೇಟ್ಟನ್, ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ಗುಜರಾತಿಗೆ ಭಾಯಿ, ಗುರುಮುಖಿಗೆ ಪಾಜಿ, ಬಂಗಾಳಿಗೆ ದಾ. ಕನ್ನಡದ ಪಾಲಿಗೆ ತಮ್ಮ. ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಡಿ ಸಿಗುವುದರಿಂದ ಯಾರು ಬೇಕಾದರೂ ಕಾಸು ಕೊಡದೆ ಇಳಿಸಿಕೊಳ್ಳಬಹುದು, ವ್ಯಾಪಾರಕ್ಕೂ ಬಳಸಬಹುದು. ಮೊದಲು ಬಂದದ್ದು ಒಂದೇ ತೂಕದ ದಪ್ಪ ಅಕ್ಷರ. ಮುಂದೆ ಬಂದ ಬಾಲೂ 2ರಲ್ಲಿ ತೆಳುವಿನಿಂದ ದಪ್ಪದವರೆಗೆ ಐದು ತೂಕಗಳಾದವು.

ಬಾಲೂ ತಮ್ಮನ ಗುಣವೇನು? ಗೆರೆ ದಪ್ಪ, ಆದರೆ ಒರಟಲ್ಲ. ಗೆರೆಯ ತುದಿ ಚೂಪಾಗದೆ ಮೆತ್ತಗೆ ನಿಲ್ಲುತ್ತದೆ. ತೆಳು ಗೆರೆಗೂ ದಪ್ಪ ಗೆರೆಗೂ ಅಂತರ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡ ಮತ್ತು ಇಂಗ್ಲಿಷ್ ಅಕ್ಷರಗಳನ್ನು ಒಟ್ಟಿಗೆ ಕೂತು ಬರೆದಂತಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ಇನ್ನೊಂದರ ನೆರಳಿನಂತೆ ಕಾಣುವುದಿಲ್ಲ. ಅಂಗಡಿಗಳಲ್ಲಿ ಇದು ಹಬ್ಬಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಬಸ್ಸುಗಳ, ಅಂಗಡಿಗಳ ಗಾಜಿನ ಮೇಲಿನ ಹೆಸರುಗಳು ಇಂದು ಬಹುಪಾಲು ರೇಡಿಯಂ ಸ್ಟಿಕ್ಕರಿನವು, ಯಂತ್ರದಲ್ಲಿ ಕತ್ತರಿಸಿ ಅಂಟಿಸಿದವು. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರು ಮಳೆ ಸುರಿಯುವ ಊರಿನಲ್ಲಿ ಸ್ಟಿಕ್ಕರು ಮೊದಲು ಏಳುವುದು ಚೂಪು ತುದಿಯಿಂದ, ಕೂದಲೆಳೆಯಂಥ ಗೆರೆಯಿಂದ. ದಪ್ಪಗೆ, ದುಂಡಗೆ ಇದ್ದ ಅಕ್ಷರ ಇನ್ನೊಂದು ಮಳೆಗಾಲ ಹೆಚ್ಚು ಬಾಳುತ್ತದೆ. ಅಕ್ಷರದ ಚೆಲುವನ್ನು ಗಾಳಿ, ಮಳೆ, ಅಂಟು ಕೂಡ ತೀರ್ಮಾನಿಸುತ್ತವೆ.

ದಪ್ಪ ಅಕ್ಷರ ಮಾಡುವ ಕಷ್ಟ ಕಾಣಬೇಕಾದರೆ ಒಂದು ಬ್ಯಾನರನ್ನು ಹತ್ತಿರದಿಂದ ನೋಡಬೇಕು. ಅಷ್ಟಮಿಯ ದಿನಗಳಲ್ಲಿ ನಮ್ಮ ಕಡೆ ಊರೂರಿಗೆ ಕಟ್ಟುವ ಬ್ಯಾನರು: "ಮುದ್ದು ಕೃಷ್ಣ ಸ್ಪರ್ಧೆ". ಮೂರೇ ಪದ. ಕನ್ನಡ ಫಾಂಟು ಮಾಡುವವರ ನಿದ್ದೆ ಕೆಡಿಸುವುದೆಲ್ಲ ಇದರಲ್ಲಿದೆ. ಇಂಥದೊಂದು ಬ್ಯಾನರು ತಯಾರಾಗುವಾಗ ನಾನು ಅಂಗಡಿಯಲ್ಲಿ ಪಕ್ಕದಲ್ಲಿ ಕೂತಿದ್ದೆ. ಕಂಪ್ಯೂಟರಿನ ಮುಂದಿದ್ದ ಹುಡುಗ ಮೊದಲು ಬಾಲೂ ತಮ್ಮನನ್ನೇ ಆರಿಸಿದ. "ಮಕ್ಕಳ ಪ್ರೋಗ್ರಾಮಲ್ವಾ ಮಾರಾಯ್ರೆ, ಇದೇ ಹಾಕುವ," ಅಂದ. "ಮುದ್ದು" ಬರೆದಾಗ ದಕಾರದ ಕೆಳಗೆ ಒತ್ತು ದಕಾರ ಬಂತು, ಬಲಕ್ಕೆ ಕೊಂಬು. ಒತ್ತಿನ ಗಾತ್ರ ಮೇಲಿನ ಅಕ್ಷರಕ್ಕಿಂತ ಸಣ್ಣದಿರಬೇಕು, ಆದರೆ ಗೆರೆಯ ದಪ್ಪ ಅದೇ ಪ್ರಮಾಣದಲ್ಲಿ ಇಳಿದರೆ ಒತ್ತು ಬಡಕಲಾಗಿ ಕಾಣುತ್ತದೆ. ಗೆರೆಯನ್ನು ಹಾಗೇ ದಪ್ಪ ಇಟ್ಟರೆ ಒಳಗಿನ ಬಿಳಿ ಮುಚ್ಚಿಹೋಗುತ್ತದೆ. ಈ ಎರಡರ ನಡುವೆ ಎಲ್ಲೋ ಒಂದು ಕಡೆ ವಿನ್ಯಾಸಕ ಕೈ ನಿಲ್ಲಿಸಬೇಕು.

"ಕೃಷ್ಣ" ಇನ್ನೂ ಕಷ್ಟ. ಕಕಾರದ ಬಲ ಕೆಳಗೆ ವಟ್ರಸುಳಿ ಇಳಿಯುತ್ತದೆ, ಅದರ ಪಕ್ಕದಲ್ಲೇ ಷಕಾರದ ಕೆಳಗೆ ಒತ್ತು ಣಕಾರ. ಣ ಅಗಲವಾದ ಅಕ್ಷರ, ಒತ್ತಾದ ಮಾತ್ರಕ್ಕೆ ಅದರ ಸುರುಳಿಗಳು ಕಡಿಮೆಯಾಗುವುದಿಲ್ಲ. ವಟ್ರಸುಳಿ ಮತ್ತು ಒತ್ತು ಒಂದಕ್ಕೊಂದು ತಾಗದಂತೆ ಜಾಗ ಬಿಟ್ಟರೆ ಮೇಲೆ ಕೃ ಮತ್ತು ಷ್ಣ ದೂರ ದೂರ ನಿಂತು ಪದ ಎರಡಾಗುತ್ತದೆ. ಷಕಾರದ ಹೊಟ್ಟೆಯೊಳಗೊಂದು ಗೆರೆ ಇದೆ. ದಪ್ಪ ಅಕ್ಷರದಲ್ಲಿ ಅದು ಗೋಡೆಗೆ ಅಂಟಿಕೊಂಡರೆ ಷ, ಪ ಎರಡೂ ಒಂದೇ. "ಸ್ಪರ್ಧೆ"ಯಲ್ಲಿ ಧಕಾರದ ಕೆಳಗಿನ ಸೀಳು, ತಲೆಯ ಮೇಲೆ ಏತ್ವ, ಬಲಬದಿಗೆ ಅರ್ಕಾವೊತ್ತು. ದಪ್ಪ ಫಾಂಟಿನಲ್ಲಿ ಮಹಾಪ್ರಾಣದ ಸೀಳು ಕೂದಲೆಳೆಯಷ್ಟಾಗಿ, ಹತ್ತು ಮೀಟರು ದೂರದಲ್ಲಿ ಮಾಯವಾಗುತ್ತದೆ. ಆಗ ಧ ಹೋಗಿ ದ, ಭ ಹೋಗಿ ಬ.

ಅದೇ ಏಕ್ ಟೈಪ್‌ನವರ ಮೋದಕ್ ಎಂಬ ನಾಗರಿ ಫಾಂಟನ್ನು ನೋಡಿ. ಉಬ್ಬಿ ಉಬ್ಬಿ, ಒಳಗಿನ ಬಿಳಿ ಬರೀ ಒಂದು ಎಳೆಯಾಗುವಷ್ಟು ತುಂಬಿಕೊಂಡ ಅಕ್ಷರಗಳು. ನಾಗರಿಗೆ ಅದು ಒಪ್ಪಿತು. ಕನ್ನಡದಲ್ಲಿ ಅಷ್ಟು ತುಂಬಿಸಿದರೆ ಅಲ್ಪಪ್ರಾಣ, ಮಹಾಪ್ರಾಣಗಳ ಅಂತರವೇ ಅಳಿಸಿಹೋದೀತು. ಕನ್ನಡ ಅಕ್ಷರ ಉಬ್ಬಬಹುದು, ಎಲ್ಲಿಯವರೆಗೆ ಅನ್ನುವುದನ್ನು ಆ ಪುಟ್ಟ ಸೀಳು ಹೇಳುತ್ತದೆ. ಬಾಲೂ ತಮ್ಮ ಆ ಗಡಿಯ ಹತ್ತಿರ ಬಂದು ನಿಂತಿದೆ. ದೊಡ್ಡ ಗಾತ್ರದಲ್ಲಿ ಚೆನ್ನ, ಕರಪತ್ರದ ಸಣ್ಣ ಗಾತ್ರದಲ್ಲಿ ತಡವರಿಸುತ್ತದೆ. ಅಲ್ಲಿ ಬಾಲೂ 2ರ ತೆಳು ತೂಕ ಬಳಸುವುದು ಜಾಣತನ.

ಕನ್ನಡದ ವ್ಯಂಜನ 34. ಪ್ರತಿಯೊಂದಕ್ಕೂ ಪ್ರತಿಯೊಂದರ ಒತ್ತು ಬರಬಹುದು ಎಂದು ಲೆಕ್ಕ ಹಾಕಿದರೆ 1,156 ಜೋಡಿ. ಅದರ ಮೇಲೆ ಸ್ವರಚಿಹ್ನೆಗಳು. ಇಂಗ್ಲಿಷಿಗೆ ಒಂದು ತಮಾಷೆಯ ಫಾಂಟು ಬೇಕೆಂದರೆ ಹಿರಿ ಕಿರಿ ಅಕ್ಷರ ಸೇರಿ 52, ಜತೆಗೆ ಅಂಕಿ, ಚಿಹ್ನೆ. ಒಬ್ಬ ಉತ್ಸಾಹಿ ಕೆಲವೇ ವಾರಗಳಲ್ಲಿ ಮುಗಿಸಬಹುದು. ಕನ್ನಡದಲ್ಲಿ ನೂರಾರು ರೂಪಗಳನ್ನು ಬರೆಯಬೇಕು, ಯಾವುದು ಯಾವುದರ ಪಕ್ಕದಲ್ಲಿ ಬಂದರೆ ಎಷ್ಟು ಸರಿಯಬೇಕು ಎಂದು ಒಂದೊಂದಾಗಿ ಹೇಳಿಕೊಡಬೇಕು. ಇಂಗ್ಲಿಷಿಗೆ ಸಾವಿರಗಟ್ಟಲೆ ನಲಿಯುವ ಫಾಂಟುಗಳಿದ್ದು ನಮ್ಮಲ್ಲಿ ಬೆರಳೆಣಿಕೆಯಷ್ಟು ಇರುವುದಕ್ಕೆ ಕನ್ನಡಿಗರಿಗೆ ರಸಿಕತೆ ಇಲ್ಲದ್ದು ಕಾರಣವಲ್ಲ. ದುಡಿಮೆ ಹತ್ತು ಪಟ್ಟು, ಕೊಳ್ಳುವವರು ಕಡಿಮೆ.

ಅಚ್ಚಿನ ಚರಿತ್ರೆಯಲ್ಲೂ ಈ ಕೊರತೆಯ ಬೇರು ಕಾಣುತ್ತದೆ. ಕನ್ನಡಕ್ಕೆ ಮೊಳೆ ಬಂದದ್ದು ವ್ಯಾಕರಣ, ಶಬ್ದಕೋಶ, ಧರ್ಮಗ್ರಂಥಗಳಿಗಾಗಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಮಂಗಳೂರಿನ ಕಥೆ ಸ್ವಲ್ಪ ಬೇರೆ, ನನಗೆ ಬಹಳ ಇಷ್ಟವಾದದ್ದು. ಬಾಸೆಲ್ ಮಿಶನ್ 1841ರಲ್ಲಿ ಇಲ್ಲಿ ತೆರೆದದ್ದು ಕಲ್ಲಚ್ಚಿನ ಮುದ್ರಣಾಲಯ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ಮಂಗಳೂರ ಸಮಾಚಾರ, ಕನ್ನಡದ ಮೊದಲ ಪತ್ರಿಕೆ, ಈ ಕಲ್ಲಚ್ಚಿನಲ್ಲೇ ಅಚ್ಚಾಯಿತು. ಅಂದರೆ ಅದು ಕೈಬರಹ. ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಮೂಡಿದ ಒಬ್ಬ ಮನುಷ್ಯನ ಬರವಣಿಗೆ, ಅವನ ಕೈ ಹೊರಳಿದಂತೆ ಹೊರಳಿದ ಅಕ್ಷರ. ಕನ್ನಡ ಪತ್ರಿಕೋದ್ಯಮ ಶುರುವಾದದ್ದು ಸೀಸದ ಮೊಳೆಯಿಂದಲ್ಲ, ಕೈಬರಹದಿಂದ. ಒತ್ತು ಬೇಕಾದಲ್ಲಿ ಬೇಕಾದಷ್ಟು ಜಾಗ ತೆಗೆದುಕೊಳ್ಳುವ ಸ್ವಾತಂತ್ರ್ಯ ಆ ಪುಟಗಳಿಗಿತ್ತು.

1851ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮುದ್ರಣಾಲಯದ ಕೆಲಸಕ್ಕೆ ಬಂದ. ಮುಂದೆ ಬಲ್ಮಠದ ಈ ಅಚ್ಚುಕೂಟ ಸೀಸದ ಮೊಳೆಗಳಿಗೆ ಹೆಸರಾಯಿತು. ಮ್ಯಾನರ್‌ನ ತುಳು ಶಬ್ದಕೋಶ 1886ರಲ್ಲಿ, ಕಿಟ್ಟೆಲ್‌ನ ಕನ್ನಡ ಶಬ್ದಕೋಶ 1894ರಲ್ಲಿ ಹೊರಬಂದವು. ಸುಮಾರು 70 ಸಾವಿರ ಪದಗಳ ಕಿಟ್ಟೆಲ್ ಕೋಶದ ಪುಟಗಳನ್ನು ಇಂದು ನೋಡಿದರೂ ಮೊಳೆ ಜೋಡಿಸಿದವರ ಕೈಗಳಿಗೆ ನಮಿಸಬೇಕು ಅನ್ನಿಸುತ್ತದೆ. ಆದರೆ ಆ ಮೊಳೆಗಳ ಧರ್ಮ ಶಿಸ್ತು. ಒಂದೊಂದು ಅಕ್ಷರವೂ ತನ್ನ ಚೌಕಟ್ಟಿನೊಳಗೇ ಇರಬೇಕು, ಒತ್ತು ಕೂಡ. ಪ್ಲೆಬ್ಸ್ಟ್‌ನೇ 1865ರಲ್ಲಿ ಮಂಗಳೂರಿನ ಮೊದಲ ಹಂಚಿನ ಕಾರ್ಖಾನೆ ಶುರುಮಾಡಿದ್ದು. ಆ ಹಂಚುಗಳ ಬೆನ್ನಿನಲ್ಲೂ ಅಕ್ಷರಗಳಿವೆ, ಕಾರ್ಖಾನೆಯ ಹೆಸರು ಮತ್ತು ಇಸವಿಯ ಉಬ್ಬಚ್ಚು. ಹಳೆ ಮನೆ ಕೆಡವಿದಲ್ಲಿ ಒಂದು ಹಂಚು ಸಿಕ್ಕರೆ ಬೆರಳಾಡಿಸಿ ನೋಡಿ. ಅಂಚು ಓರೆಯಾಗಿ, ಮೂಲೆ ಮೆತ್ತಗೆ ಇರುತ್ತದೆ. ಅಚ್ಚಿನಿಂದ ಹಸಿ ಮಣ್ಣು ಸಲೀಸಾಗಿ ಬಿಡಬೇಕಾದರೆ ಅಕ್ಷರ ಹಾಗಿರಲೇಬೇಕು.

ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಮಕ್ಕಳಿಗಾಗಿ ಕನ್ನಡವನ್ನೇ ಹಗುರಗೊಳಿಸಿ, ಕುಣಿಸಿ ಕೊಟ್ಟ ಊರು ಇದು. ಆದರೆ ಕುಣಿಯುವ ಪದ್ಯಕ್ಕೆ ಕುಣಿಯುವ ಮೊಳೆ ಇರಲಿಲ್ಲ. ದೊಡ್ಡವರ ಪುಸ್ತಕದ ಅಕ್ಷರವೇ ಮಕ್ಕಳ ಪುಸ್ತಕಕ್ಕೂ, ಗಾತ್ರ ಮಾತ್ರ ದೊಡ್ಡದು. ಮಾತಿಗೆ ಸಿಕ್ಕ ಸ್ವಾತಂತ್ರ್ಯ ಅಕ್ಷರದ ರೂಪಕ್ಕೆ ಸಿಗಲು ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಕಾಯಬೇಕಾಯಿತು.

ಲಂಡನ್ನಿನಲ್ಲಿ 19ನೇ ಶತಮಾನದ ಆರಂಭದಲ್ಲೇ ಲಾಟರಿ, ನಾಟಕ, ಜಾಹೀರಾತುಗಳ ಭಿತ್ತಿಪತ್ರಕ್ಕಾಗಿ ಕೊಬ್ಬಿದ ಮೊಳೆಗಳು ಬಂದಿದ್ದವು. ಷಿಕಾಗೊದ ಆಸ್ವಾಲ್ಡ್ ಕೂಪರ್ 1922ರಲ್ಲಿ ಮಾಡಿದ ಕೂಪರ್ ಬ್ಲ್ಯಾಕ್ ಎಂಬ ದುಂಡು ಅಕ್ಷರ ನೂರು ವರ್ಷ ಕಳೆದರೂ ಮುದಿಯಾಗಿಲ್ಲ. ನಮ್ಮಲ್ಲಿ ಆ ಕೆಲಸವನ್ನು ಫೌಂಡ್ರಿಗಳಿಗಿಂತ ಹೆಚ್ಚಾಗಿ ಕುಂಚದವರು ಮಾಡಿದರು. ಸೀಸದಲ್ಲಿ ಅಂಗೈಯಗಲದ ಅಕ್ಷರ ಎರಕ ಹೊಯ್ದರೆ ಭಾರ, ದುಬಾರಿ. ಹಾಗಾಗಿ ದೊಡ್ಡ ಅಕ್ಷರಗಳನ್ನು ಮರದಲ್ಲಿ ಕೆತ್ತಿಸುತ್ತಿದ್ದರು, ಇಲ್ಲವೇ ಕಲಾವಿದನಿಂದ ಬರೆಸಿ ಬ್ಲಾಕು ಮಾಡಿಸುತ್ತಿದ್ದರು. ಯಕ್ಷಗಾನ ಡೇರೆ ಮೇಳಗಳ ಪೋಸ್ಟರು, ಬಟ್ಟೆ ಬ್ಯಾನರು, ವಾರಪತ್ರಿಕೆಗಳಲ್ಲಿ ಕಥೆಯ ಶೀರ್ಷಿಕೆ, ಅಂಗಡಿಯ ಬೋರ್ಡು, ಖಾಸಗಿ ಬಸ್ಸಿನ ಮೂತಿಯ ಮೇಲಿನ ಹೆಸರು, ಎಲ್ಲವೂ ಕೈಬರಹ. ಬೋರ್ಡು ಬರೆಯುವವರು ಸುಣ್ಣದ ದಾರ ಎಳೆದು ಎರಡು ಗೆರೆ ಹಾಕಿಕೊಂಡು, ಪದಕ್ಕೆ ತಕ್ಕಂತೆ ಅಕ್ಷರವನ್ನು ಹಿಗ್ಗಿಸಿ ಕುಗ್ಗಿಸಿ ಬರೆಯುತ್ತಿದ್ದರು. ಒತ್ತು ಹೆಚ್ಚಿರುವ ಪದದಲ್ಲಿ ಮೇಲಿನ ಅಕ್ಷರವನ್ನು ಸ್ವಲ್ಪ ಮೇಲಕ್ಕೆತ್ತುವುದು, ಕೊಂಬನ್ನು ಮುಂದಿನ ಅಕ್ಷರದ ಹೊಟ್ಟೆಯ ಕೆಳಗೆ ತೂರಿಸುವುದು, ಇವೆಲ್ಲ ಅವರಿಗೆ ಕೈಯಲ್ಲೇ ಇದ್ದ ವಿದ್ಯೆ. ಇವತ್ತು ಫಾಂಟು ಮಾಡುವವರು ಸಾಫ್ಟ್‌ವೇರಿನ ನಿಯಮಗಳಾಗಿ ಬರೆಯುತ್ತಿರುವುದು ಅದನ್ನೇ. ಆ ಹಿರಿಯರ ಬೋರ್ಡುಗಳನ್ನು ಯಾರೂ ಸಂಗ್ರಹಿಸದೆ ಗುಜರಿಗೆ ಹಾಕಿದ್ದು ನಮಗಾದ ನಷ್ಟ. ಉಳಿದವುಗಳ ಫೋಟೋ ಆದರೂ ತೆಗೆದಿಡಬೇಕು.

ಕೈಬರಹದ ನಲಿವು ಈಗಲೂ ಜೀವಂತ ಇರುವ ಜಾಗ ತುಳು ಸಿನಿಮಾ. 1971ರಲ್ಲಿ ಎನ್ನ ತಂಗಡಿಯಿಂದ ಶುರುವಾದ ತುಳು ಚಿತ್ರರಂಗಕ್ಕೆ 2011ರ ಒರಿಯರ್ದೊರಿ ಅಸಲ್ ಹೊಸ ಉಸಿರು ಕೊಟ್ಟಿತು. ಆ ಮೇಲೆ ಬಂದ ಹಾಸ್ಯ ಚಿತ್ರಗಳ ಸಾಲಿನಲ್ಲಿ ಅರೆ ಮರ್ಲೆರ್, ಪಿಲಿಬೈಲ್ ಯಮುನಕ್ಕ, ಗಿರಿಗಿಟ್ ಮುಂತಾದ ಹೆಸರುಗಳನ್ನು ಅಕ್ಷರದ ಕಣ್ಣಿನಿಂದ ನೋಡಿ. ತುಳುವಿನಲ್ಲಿ ಪದ ಅರೆಸ್ವರದಲ್ಲಿ, ವ್ಯಂಜನದಲ್ಲಿ ಮುಗಿಯುವುದು ಬಹಳ. ಬರೆಯುವಾಗ ಆ ಕೊನೆಯ ಅಕ್ಷರದ ತಲೆಯ ಮೇಲೊಂದು ಬಾಲ ಏಳುತ್ತದೆ: ರ್, ಲ್, ಟ್. ಪೋಸ್ಟರು ಬರೆಯುವವರಿಗೆ ಅದು ಸಿಕ್ಕಿದ್ದೇ ವರ. ಬಾಲವನ್ನು ಎಳೆದು ಹೆಸರಿನ ಮೇಲೆಲ್ಲ ಬಳಸಬಹುದು, ಸುರುಳಿ ಸುತ್ತಬಹುದು, ಬಾಣವಾಗಿಸಬಹುದು. ಕನ್ನಡ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಸಾಮಾನ್ಯ ಕನ್ನಡ ಫಾಂಟುಗಳಲ್ಲಿ ಈ ಬಾಲಕ್ಕೆ ಅಷ್ಟು ಗಮನ ಸಿಕ್ಕಿಲ್ಲ, ಒಂದೇ ಅಳತೆಯದ್ದನ್ನು ಎಲ್ಲ ಅಕ್ಷರಕ್ಕೂ ಅಂಟಿಸಿರುತ್ತಾರೆ. ತುಳುವಿನ ಒಂದು ಸಾಲನ್ನು ಹಾಗೆ ಅಚ್ಚು ಮಾಡಿದರೆ ಒಂದೇ ಬಗೆಯ ಬಾಲಗಳ ಸಾಲು ಎದ್ದು ಕಣ್ಣಿಗೆ ರಾಚುತ್ತದೆ.

ಕಂಪ್ಯೂಟರು ಬಂದ ಕಾಲದ ಕಥೆಯಲ್ಲೂ ಮಂಗಳೂರಿನ ಕೊಡುಗೆ ದೊಡ್ಡದು. ಇಲ್ಲಿಗೆ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ತರ್ಕವೇ ಇಂದು ಕನ್ನಡಿಗರು ದಿನನಿತ್ಯ ಒತ್ತುವ ಕೀಲಿಗಳ ಹಿಂದಿದೆ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ಅವರು ತಮ್ಮ ತಂತ್ರಾಂಶಕ್ಕಿಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂದವು. ಅಂಗಡಿಗಳಲ್ಲಿ ಪುಣೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ ಬೇರೂರಿದವು. ಇವುಗಳಲ್ಲಿ ಅಲಂಕಾರದ ಅಕ್ಷರಗಳೂ ಇದ್ದವು, ಈಗಲೂ ಮದುವೆ ಕಾಗದ ಅಚ್ಚುಮಾಡುವವರು ಅವನ್ನು ಬಿಟ್ಟಿಲ್ಲ. ತೊಡಕೆಂದರೆ ಇವುಗಳಲ್ಲಿ ಹಳೆಯವು ಯೂನಿಕೋಡ್‌ಗೆ ಮೊದಲಿನ ಸಂಕೇತದವು. ಒಂದು ಅಂಗಡಿಯ ಫೈಲು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಹೊಸ ಫಾಂಟುಗಳು ಯೂನಿಕೋಡ್‌ನವು, ಆದರೆ ಅಂಗಡಿಯಲ್ಲಿರುವ ಕೋರೆಲ್‌ಡ್ರಾ ಹಳೆಯದಾಗಿದ್ದರೆ, ಫೋಟೋಶಾಪಿನಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ಆಯ್ಕೆ ಒತ್ತಿರದಿದ್ದರೆ, ಒತ್ತುಗಳು ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತವೆ. ಊರಿನ ಹೆಸರಿನಲ್ಲಿರುವ ಕಟ್ಟೆ ಒಡೆದು "ಕಟ್‌ಟೆ" ಆದ ಫ್ಲೆಕ್ಸುಗಳನ್ನು ನಾವೆಲ್ಲ ಕಂಡಿದ್ದೇವೆ. ತಪ್ಪು ಫಾಂಟಿನದಲ್ಲ, ಬರೆದವನದೂ ಅಲ್ಲ. ಆದರೂ ನಷ್ಟ ಹೊಸ ಫಾಂಟಿಗೆ. "ಇದರಲ್ಲಿ ಒತ್ತು ಸರಿ ಬರುವುದಿಲ್ಲ" ಎಂದು ಅಂಗಡಿಯವರು ಮತ್ತೆ ಹಳೆಯ ಅಕ್ಷರಕ್ಕೇ ಮರಳುತ್ತಾರೆ.

ಬಾಲೂ ತಮ್ಮ ಒಂಟಿಯಲ್ಲ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ ಅಕಾಯ ಕನ್ನಡಕ ನನ್ನ ಮೆಚ್ಚಿನದು. ಒಂದೇ ತೂಕದ್ದು, ಕೈಬರಹದ ಓಟವನ್ನು ಉಳಿಸಿಕೊಂಡದ್ದು, ಪ್ರಯೋಗಶೀಲವಾದದ್ದು. ಬಾಲೂ ಎಲ್ಲರೊಡನೆ ಹೊಂದಿಕೊಳ್ಳುವ ಸ್ವಭಾವದ್ದಾದರೆ ಅಕಾಯಕ್ಕೆ ತನ್ನದೇ ಹಟ ಉಂಟು. ಪುಸ್ತಕದ ಮುಖಪುಟ, ನಾಟಕದ ಪೋಸ್ಟರಿಗೆ ಅದು ಚೆನ್ನಾಗಿ ಕೂರುತ್ತದೆ, ಬಿಸ್ಕತ್ತಿನ ಪೊಟ್ಟಣಕ್ಕೆ ಅಷ್ಟಾಗಿ ಅಲ್ಲ. ಎರಿನ್ ಮೆಕ್‌ಲಾಫ್ಲಿನ್ ಅವರ ಹುಬ್ಬಳ್ಳಿ ಒಂದೇ ದಪ್ಪದ ತೆಳು ಗೆರೆಯದು, ಹಗುರ, ಸ್ನೇಹಮಯ. ನವಿಲು ಮತ್ತು ಗುಬ್ಬಿ ನಮ್ಮವರೇ ಮುಕ್ತವಾಗಿ ಕೊಟ್ಟ ಯೂನಿಕೋಡ್ ಫಾಂಟುಗಳು, ಪಠ್ಯಕ್ಕೇ ಹೆಚ್ಚು ಹೊಂದುವಂಥವು. ಏಕ್ ಟೈಪ್ 2022ರಲ್ಲಿ ಹೊರತಂದ ಅನೇಕ್ ಕನ್ನಡದಲ್ಲಿ ತೂಕದ ಜತೆ ಅಗಲವನ್ನೂ ಬದಲಿಸಬಹುದು. ಬಸ್ಸಿನ ಬೋರ್ಡಿನಂಥ ಇಕ್ಕಟ್ಟಿನ ಜಾಗಕ್ಕೆ ಇದಕ್ಕಿಂತ ಉಪಯುಕ್ತವಾದದ್ದನ್ನು ನಾನು ಕಂಡಿಲ್ಲ. "ಸ್ಟೇಟ್‌ಬ್ಯಾಂಕ್" ಎಂದು ಬರೆಯಬೇಕಾದಾಗ ಅಕ್ಷರವನ್ನು ಎರಡೂ ಕಡೆಯಿಂದ ಹಿಂಡಿ ಸಪೂರ ಮಾಡುವ ಅಭ್ಯಾಸ ಇದೆಯಲ್ಲ, ಅದರಲ್ಲಿ ಗೆರೆಗಳ ತೂಕವೇ ಕೆಟ್ಟುಹೋಗುತ್ತದೆ. ಅಗಲ ಬದಲಿಸಬಲ್ಲ ಫಾಂಟು ಇದ್ದರೆ ಆ ಹಿಂಸೆ ಬೇಡ.

ಎಲ್ಲಿ ಬಳಸಬಾರದು ಅನ್ನುವುದೂ ಈ ಸಮೀಕ್ಷೆಯ ಭಾಗವೇ. ವಿನ್ಸೆಂಟ್ ಕಾನರೆ 1994ರಲ್ಲಿ ಮಾಡಿದ ಕಾಮಿಕ್ ಸಾನ್ಸ್‌ನ ಗತಿ ಎಲ್ಲರಿಗೂ ತಿಳಿದದ್ದು. ತೆರೆಯ ಮೇಲಿನ ಕಾರ್ಟೂನು ನಾಯಿಯ ಮಾತಿಗೆ ಎಂದು ಹುಟ್ಟಿದ ಅಕ್ಷರ ಕಚೇರಿಯ ಸೂಚನಾ ಫಲಕಕ್ಕೂ ಆಸ್ಪತ್ರೆಯ ಪತ್ರಕ್ಕೂ ಹೋಗಿ, ಜನರ ಸಿಟ್ಟಿಗೆ ಗುರಿಯಾಯಿತು. ಅಕ್ಷರ ಚೆನ್ನಾಗಿಲ್ಲ ಅಂತಲ್ಲ, ಕರೆಯದ ಕಡೆ ಎಲ್ಲ ಹೋಯಿತು. ಬಾಲೂ ತಮ್ಮನಿಗೂ ಆ ಅಪಾಯ ಹತ್ತಿರದಲ್ಲಿದೆ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಊರಿನ ಕಟ್ಟೆಯ ಬಳಿ ಫ್ಲೆಕ್ಸು ಹಾಕುವ ರೂಢಿ ಇದೆ. ತೀರಿಹೋದ ಹಿರಿಯರ ಫೋಟೋದ ಕೆಳಗೆ "ಶ್ರದ್ಧಾಂಜಲಿ" ಎಂಬ ಪದ ಗುಂಡಗೆ, ನಗುನಗುತ್ತ ಕೂತದ್ದನ್ನು ನೋಡಿ ನನಗೆ ಸಂಕಟವಾಗಿದೆ. ಮನೆಯವರಿಗೆ ಏನನ್ನಿಸಿತೋ. ದೈವದ ನೇಮೋತ್ಸವದ ಆಮಂತ್ರಣಕ್ಕೂ ಇದು ಒಗ್ಗುವುದಿಲ್ಲ. ಅಲ್ಲಿನ ಭಕ್ತಿ, ಭಯ, ಗತ್ತು ಬೇರೆ, ಅದಕ್ಕೆ ಕೋನವಿರುವ, ತಲೆಕಟ್ಟು ಎದ್ದು ಕಾಣುವ ಅಕ್ಷರ ಬೇಕು. ಇನ್ನು ಅಕ್ಷರ ಕಲಿಸುವ ಪುಸ್ತಕ. ಮಕ್ಕಳ ಪುಸ್ತಕವೆಂದ ಕೂಡಲೇ ದಪ್ಪ ದುಂಡು ಫಾಂಟು ಹಾಕುವುದು ವಾಡಿಕೆಯಾಗಿದೆ. ಮುಖಪುಟಕ್ಕೆ ಸರಿ, ಕಥೆಯ ಹೆಸರಿಗೆ ಸರಿ. ಆದರೆ ದ, ಧ, ಥಗಳನ್ನು ಮೊದಲ ಸಲ ಬೇರೆ ಬೇರೆಯಾಗಿ ಗುರುತಿಸಲು ಕಲಿಯುವ ಮಗುವಿಗೆ ಸೀಳೂ ಚುಕ್ಕಿಯೂ ಸ್ಪಷ್ಟ ಕಾಣಲೇಬೇಕು. ಅಲ್ಲಿ ತೆಳು ಗೆರೆಯ, ತೆರೆದ ಹೊಟ್ಟೆಯ ಅಕ್ಷರವೇ ಆಗಬೇಕು.

ಈಗ ಬೇಡಿಕೆ ಒಮ್ಮೆಲೇ ಹೆಚ್ಚಿದೆ. 2024ರಲ್ಲಿ ರಾಜ್ಯ ಸರಕಾರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾನೂನಿಗೆ ತಿದ್ದುಪಡಿ ತಂದು ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಎಂದಿತು. ನಾನು ಇದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಕಾನೂನು ಅಳೆಯುವುದು ಜಾಗವನ್ನು, ಅಂದವನ್ನಲ್ಲ. ದೊಡ್ಡ ಮಳಿಗೆಯೊಂದರ ಇಂಗ್ಲಿಷ್ ಹೆಸರನ್ನು ಯಾರೋ ತಿಂಗಳುಗಟ್ಟಲೆ ಕೂತು ಬರೆದಿರುತ್ತಾರೆ. ಅದರ ಮೇಲೆ ಕನ್ನಡವನ್ನು ಕಂಪ್ಯೂಟರಿನ ಜತೆ ಬಂದ ತುಂಗಾ ಫಾಂಟಿನಲ್ಲಿ, ಹಿಗ್ಗಿಸಿ, ಹಿಂಡಿ, ಶೇ. 60 ಆಗುವವರೆಗೆ ಎಳೆದು ಕೂರಿಸಿರುತ್ತಾರೆ. ಕನ್ನಡ ಅಲ್ಲಿ ದಂಡ ಕಟ್ಟಿ ನಿಂತಂತೆ ಕಾಣುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಇಂಗ್ಲಿಷಿನ ದೊಡ್ಡ ಅಕ್ಷರಗಳು ಎರಡು ಗೆರೆಗಳ ನಡುವೆ ತುಂಬಿ ನಿಲ್ಲುತ್ತವೆ. ಕನ್ನಡಕ್ಕೆ ಕೆಳಗೆ ಒತ್ತಿನ ಜಾಗ, ಮೇಲೆ ಗುಡಿಸಿನ ಜಾಗ ಬಿಡಬೇಕು. ಹಾಗಾಗಿ ಸಮಾನ ಎತ್ತರ ಕೊಟ್ಟರೂ ಕನ್ನಡದ ಮೈ ಸಣ್ಣದಾಗಿಯೇ ಕಾಣುತ್ತದೆ. ಎರಡೂ ಲಿಪಿಗಳನ್ನು ಒಟ್ಟಿಗೆ ತೂಗಿ ಬರೆದ ಬಾಲೂವಿನಂಥ, ಅನೇಕ್‌ನಂಥ ಫಾಂಟುಗಳ ಬೆಲೆ ಇಲ್ಲಿ ಗೊತ್ತಾಗುತ್ತದೆ. ನಮ್ಮ ವ್ಯಾಪಾರಿಗಳು ಇಂಗ್ಲಿಷ್ ಹೆಸರಿಗೆ ಕೊಟ್ಟ ಹಣದಲ್ಲಿ ಒಂದು ಪಾಲನ್ನು ಕನ್ನಡ ಬರೆಸುವುದಕ್ಕೂ ತೆಗೆದಿಡಲಿ. ಈ ಊರಿನಲ್ಲಿ ಆ ಕೆಲಸ ಬಲ್ಲ ಕೈಗಳಿವೆ.

ಕೊಂಕಣಿಯ ವಿಷಯ ಪ್ರತ್ಯೇಕವಾಗಿ ಹೇಳಬೇಕು. 1938ರಿಂದ ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಬರುತ್ತಿರುವ ಕೊಂಕಣಿ ವಾರಪತ್ರಿಕೆಯ ಹೆಸರು ರಾಕ್ಣೊ. ಕಕಾರಕ್ಕೆ ಒತ್ತು ಣಕಾರ, ಅದರ ಮೇಲೆ ಓತ್ವ. ಕನ್ನಡದಲ್ಲಿ ಅಪರೂಪವಾದ ಈ ಜೋಡಿ ಕೊಂಕಣಿಗೆ ದಿನನಿತ್ಯದ್ದು. ಮಕಾರಕ್ಕೆ ಹಕಾರದ ಒತ್ತು, ವಕಾರಕ್ಕೆ ಹಕಾರದ ಒತ್ತು, ಪದದ ಕೊನೆಯಲ್ಲಿ ಸೊನ್ನೆ ಅಲ್ಲಿ ಹೆಜ್ಜೆಗೊಂದರಂತೆ ಸಿಗುತ್ತವೆ. ಫಾಂಟು ಮಾಡುವವರು ಬರೀ ಕನ್ನಡ ಪದಗಳನ್ನು ಇಟ್ಟು ಪರೀಕ್ಷಿಸಿದರೆ ಈ ಜೋಡಿಗಳ ಅಂತರ ನೋಡದೇ ಬಿಟ್ಟಿರುತ್ತಾರೆ. ಕೊಂಕಣಿ ನಾಟಕದ ಪೋಸ್ಟರಿನಲ್ಲಿ ಒತ್ತು ಪಕ್ಕದ ಅಕ್ಷರಕ್ಕೆ ಢಿಕ್ಕಿ ಹೊಡೆಯುವುದು ಈ ಕಾರಣಕ್ಕೆ. ತುಳು, ಕೊಂಕಣಿ, ಬ್ಯಾರಿ ಮೂರಕ್ಕೂ ಸಾಹಿತ್ಯ ಅಕಾಡೆಮಿಗಳು ಇದೇ ನಗರದಲ್ಲಿವೆ. ಪುಸ್ತಕ ಪ್ರಕಟಣೆ, ಪ್ರಶಸ್ತಿಗಳ ಜತೆಗೆ ಈ ಭಾಷೆಗಳ ಪದಗಳನ್ನು ಇಟ್ಟು ಪರೀಕ್ಷಿಸಿದ ಒಂದು ಮುಕ್ತ ಡಿಸ್‌ಪ್ಲೇ ಫಾಂಟಿಗೆ ಅವು ಸೇರಿ ನೆರವಾದರೆ ಅದರ ಫಲ ಯಾವ ಒಂದು ಪುಸ್ತಕಕ್ಕಿಂತಲೂ ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ.

ತುಳು ಲಿಪಿಗೂ ಈಗ ಬಾಗಿಲು ತೆರೆದಿದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಸೇರಿತು. ಆ ಪ್ರಸ್ತಾವದ ಹಿಂದೆ ದುಡಿದವರಲ್ಲಿ ಅಕಾಯದ ವೈಷ್ಣವಿ ಮೂರ್ತಿಯವರೂ ಇದ್ದಾರೆ. ತಾಳೆಗರಿಯಲ್ಲಿ ಶಾಸ್ತ್ರ, ಪುರಾಣಗಳನ್ನು ಹೊತ್ತುಕೊಂಡು ಬಂದ ಲಿಪಿ ಅದು. ಊರಿನ ಸ್ವಾಗತ ಕಮಾನುಗಳಲ್ಲಿ, ಬೋರ್ಡುಗಳಲ್ಲಿ ಅದು ಈಗಾಗಲೇ ಕಾಣಿಸಿಕೊಂಡಿದೆ. ಕನ್ನಡ ಮೊಳೆಗೆ ಆದದ್ದೇ ಅದಕ್ಕೂ ಆಗದಿರಲಿ. ಗ್ರಂಥದ ಅಕ್ಷರದ ಜತೆಯಲ್ಲೇ, ಮೊದಲ ದಿನದಿಂದಲೇ, ಮಕ್ಕಳ ಪುಸ್ತಕಕ್ಕೂ ಟೀಶರ್ಟಿಗೂ ಒಪ್ಪುವ ಒಂದು ನಲಿಯುವ ರೂಪ ಅದಕ್ಕೆ ಸಿಗಬೇಕು.

ಹೊಸ ಫಾಂಟು ಮಾಡಲು ಕೂರುವ ಯುವಕ ಯುವತಿಯರು ಯಾರಾದರೂ ಕೇಳಿದರೆ ನಾನು ಬರೆದುಕೊಡುವ ಚೀಟಿ ಹೀಗಿರುತ್ತದೆ. ಮೊದಲು "ಮಂಗಳೂರು" ಬರೆಯಿರಿ. ಒತ್ತೇ ಇಲ್ಲದ, ದುಂಡಾದ, ಸುಲಭವಾದ ಪದ. ಅದು ಚೆನ್ನಾಗಿ ಬಂದರೆ ಹಿಗ್ಗಬೇಡಿ, "ಬಿಕರ್ನಕಟ್ಟೆ" ಬರೆಯಿರಿ. ಅರ್ಕಾವೊತ್ತಿನ ಬೆನ್ನಿಗೇ ಒತ್ತು ಟಕಾರ ಬರುತ್ತದೆ, ಎರಡೂ ಜಗಳವಾಡಬಾರದು. "ಮಣ್ಣಗುಡ್ಡೆ"ಯಲ್ಲಿ ಎರಡು ಅಗಲದ ಒತ್ತುಗಳು, "ಜಪ್ಪಿನಮೊಗರು" ಉದ್ದ, "ಪಂಪ್‌ವೆಲ್" ಎರಡು ಬಾಲಗಳದ್ದು, "ಕುದ್ರೋಳಿ" ಒತ್ತು ರಕಾರ ಮತ್ತು ದೀರ್ಘದ್ದು. ಅನಂತರ "ರಾಕ್ಣೊ", "ಗಿರಿಗಿಟ್", "ಬ್ಯಾರಿ". ಇವಿಷ್ಟನ್ನೂ ಎರಡು ಸಾಲಾಗಿ ಜೋಡಿಸಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆಯೇ ನೋಡಿ. ಆಮೇಲೆ ಒಂದು ಪ್ರತಿ ತೆಗೆದು ರಸ್ತೆಯ ಆಚೆಬದಿಯ ಗೋಡೆಗೆ ಅಂಟಿಸಿ, ಈಚೆಬದಿಯಲ್ಲಿ ಬಸ್ಸಿಗೆ ಕಾಯುತ್ತಿರುವವರಿಂದ ಓದಿಸಿ.